ಬೋಣಿ

ಬೆಳಗ್ಗೆ ಎಂಟು ಗಂಟೆಯಾದರೂ ಮಾರುಕಟ್ಟೆಯ ತನ್ನ ಬಟ್ಟೆ ಅಂಗಡಿಯಲ್ಲಿ ಥೋವಾಳಿಗೆ ಬೋಣಿಯಾಗಿರಲಿಲ್ಲ. ಮಡಚಿಟ್ಟ ಪೈಜಾಮಗಳನ್ನು ಬಿಚ್ಚಿ ಮತ್ತೆ ಮಡಚಿದಳು. ಮಕ್ಕಳ ಅಂಗಿಗಳನ್ನು ಎಡದಿಂದ ಬಲಕ್ಕೆ ಸರಿಸಿದಳು. ಎದ್ದಳು, ಕೂತಳು.

"ನನ್ನ ಹಣೆಬರಹಾನೇ ಸರಿಯಿಲ್ಲ ಅಕ್ಕ."

ಹಿಂದಿನ ಚಾಪೆ ಅಂಗಡಿಯಲ್ಲಿ ಸೆನ್ ಕಾಫಿಯೊಳಗಿನ ಮಂಜುಗಡ್ಡೆ ಕಲಕುತ್ತಿದ್ದಳು. "ಚೀಟಿ ಎತ್ತಿದಾಗ ಬಾಗಿಲ ಪಕ್ಕದ ಜಾಗ ನಿಂಗೇ ಬಂತಲ್ಲ, ಅವತ್ತು ಎಲ್ಲಿತ್ತೇ ಹಣೆಬರಹ? ನಾಲ್ಕು ವರ್ಷದಿಂದ ನಿನ್ನ ಬೆನ್ನು ನೋಡ್ಕೊಂಡು ಕೂತಿದೀನಿ ನಾನು."

ಥೋವಾ ಉತ್ತರ ಕೊಡುವಷ್ಟರಲ್ಲಿ ಕುಕ್ ಎಂಬ ಗಿರಾಕಿ ಬಂದಳು. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ ಹೆಂಗಸು. ಅವಳು ಬೋಣಿ ಮಾಡಿದರೆ ಆ ದಿನದ ವ್ಯಾಪಾರ ಮುಗಿದಂತೆ ಎಂದು ಇಡೀ ಮಾರುಕಟ್ಟೆ ನಂಬಿತ್ತು. ಅದು ಅವಳಿಗೂ ಗೊತ್ತಿತ್ತು. ಬಿಸಿಲೇರಿದ ಮೇಲೇ ಬರುತ್ತಿದ್ದಳು.

"ನಿನ್ನೆ ಮಗಳಿಗೆ ಹೆರಿಗೆ ಆಯ್ತಮ್ಮ. ಅವಳ ಊರು ಕಾನ್ ಥೊಗೆ ಬಸ್ಸು ಹಿಡೀಬೇಕು, ಅದಕ್ಕೇ ಬೇಗ ಬಂದೆ. ಮಗು ಸುತ್ತೋ ಬಟ್ಟೆ ತೋರ್ಸು."

ಕೊಟ್ಟರೂ ಕೆಡುಕು, ಬರಿಗೈಲಿ ಕಳಿಸಿದರೂ ಕೆಡುಕು. ಥೋವಾ ಎರಡರಷ್ಟು ಬೆಲೆ ಹೇಳಿದಳು.

ಕುಕ್ ಬಟ್ಟೆಯನ್ನು ಇದ್ದಲ್ಲೇ ಇಟ್ಟಳು. "ಗೊತ್ತಾಯ್ತು ಬಿಡು," ಎಂದು ಮೀನಿನ ಸಾಲಿನ ಕಡೆ ನಡೆದಳು.

ಅವಳು ತಿರುಗುತ್ತಿದ್ದಂತೆ ಥೋವಾ ಹಳೆಯ ಪತ್ರಿಕೆಯ ಹಾಳೆ ಹರಿದು ಸುರುಳಿ ಸುತ್ತಿ ಕಡ್ಡಿ ಗೀರಿದಳು. ಉರಿಯುವ ಕಾಗದವನ್ನು ಸರಕಿನ ಸುತ್ತ ಆಡಿಸುತ್ತ, "ಕೆಟ್ಟ ಕಾಲ್ಗುಣ ಆಚೆ ಹೋಗ್ಲಿ," ಎಂದು ಗೊಣಗಿದಳು.

"ಫ್ಯಾನ್ ಆಫ್ ಮಾಡೇ!" ಎಂದಳು ಸೆನ್.

"ಸುಮ್ನಿರಿ ಅಕ್ಕ, ಮಧ್ಯೆ ಮಾತಾಡ್ಬಾರ್ದು."

ಫ್ಯಾನಿನ ಗಾಳಿಗೆ ಕಾಗದದ ತುಂಡೊಂದು ಹಾರಿ ತೂಗುಹಾಕಿದ್ದ ನೈಲಾನ್ ಪೈಜಾಮಗಳ ಮೇಲೆ ಬಿತ್ತು. ಪೈಜಾಮಗಳ ಕಾಲಿನಿಂದ ಸೊಂಟದವರೆಗೆ ಬೆಂಕಿ ಒಂದೇ ಉಸಿರಿಗೆ ಹತ್ತಿಕೊಂಡಿತು. ಸೆನ್ ಚಾಪೆಗಳನ್ನು ಎಳೆಯುತ್ತ ಕಿರುಚಿದಳು. ಥೋವಾ ಬರಿಗೈಯಲ್ಲಿ ಬಡಿಯುತ್ತಿದ್ದಾಗ ಎದೆಗೆ ರಪ್ಪನೆ ನೀರು ಬಡಿಯಿತು, ಜೊತೆಗೆ ಮೀನುಗಳೂ. ಬೆಂಕಿ ಆರಿತು. ಮೀನಿನ ಸಾಲಿನಿಂದ ತಂದ ತೊಟ್ಟಿಯನ್ನು ಖಾಲಿ ಮಾಡಿ ಕುಕ್ ನಿಂತಿದ್ದಳು.

ಸೀಟಿ ಊದುತ್ತ ಮಾರುಕಟ್ಟೆಯ ಮೇಲ್ವಿಚಾರಕ ಓಡಿಬಂದ. "ಯಾರು ಬೆಂಕಿ ಹಚ್ಚಿದ್ದು? ಹಚ್ಚಿದವ್ರ ಜಾಗ ಹೋಗುತ್ತೆ ಅಂತ ಕಂಬದ ಮೇಲೇ ಬರೆದಿದೆ."

ಸೆನ್ ಥೋವಾಳ ಮುಖ ನೋಡಿ, ಕೈ ಮಾತ್ರ ಬೇರೆ ಕಡೆ ತೋರಿಸಿದಳು. "ಇವಳೇ ಅಣ್ಣ, ಈ ಕುಕ್. ಬೆಳ್ಳಂಬೆಳಗ್ಗೆ ಕಾಲಿಟ್ಳು, ನೋಡಿ."

ಸುತ್ತ ನೆರೆದವರು ತಲೆಯಾಡಿಸಿದರು. "ಇನ್ಮೇಲೆ ಈ ಕಡೆ ಬರ್ಬೇಡಿ ಅಮ್ಮ," ಎಂದ ಮೇಲ್ವಿಚಾರಕ. ಕುಕ್ ಬೂದಿಯಲ್ಲಿ ಹೊರಳಾಡುತ್ತಿದ್ದ ಮೀನುಗಳನ್ನು ಹಿಡಿದು ತೊಟ್ಟಿಗೆ ಹಾಕುತ್ತಿದ್ದಳು.

ಥೋವಾ ತಲೆಯೆತ್ತಿದಳು. ತಗಡಿನ ಚಾವಣಿಯ ಕೆಳಗೆ ಕಡೆಯ ಗೋಡೆಯವರೆಗೂ ಬಟ್ಟೆ, ಚಾಪೆ, ಹತ್ತಿ. ಎಲ್ಲ ಒಣಗಿದ್ದು, ಎಲ್ಲ ಹಾಗೇ ಇತ್ತು. ಬೆಂಕಿ ಅವಕ್ಕೆ ಒಂದು ಗೇಣು ದೂರದಲ್ಲಿ ನಿಂತುಹೋಗಿತ್ತು.

"ಹಚ್ಚಿದ್ದು ನಾನು," ಎಂದಳು.

ಸೆನ್ ಅವಳ ತೋಳು ಚಿವುಟಿದಳು. "ಹುಚ್ಚು ಹಿಡೀತೇನೇ?"

"ನೀವು ಫ್ಯಾನ್ ಆಫ್ ಮಾಡು ಅಂದ್ರಿ. ನಾನು ಮಾಡ್ಲಿಲ್ಲ."

"ಜಾಗ ಹೋಗುತ್ತಮ್ಮ," ಎಂದ ಮೇಲ್ವಿಚಾರಕ, ಇನ್ನೊಂದು ಅವಕಾಶ ಕೊಡುವವನಂತೆ.

"ಓದಿದೀನಿ ಅಣ್ಣ."

ಜನ ಚದುರಿದ ಮೇಲೆ ಥೋವಾ ಮಗು ಸುತ್ತುವ ಆ ಬಟ್ಟೆಯನ್ನು ಹುಡುಕಿ ತೆಗೆದು ಹಿಂಡಿದಳು. ಕುಕ್‌ಳಿಗೆ ಸರಿಯಾದ ಬೆಲೆ ಹೇಳಿದಳು. "ಒದ್ದೆಯಾಗಿದೆ."

"ಬಸ್ಸಲ್ಲಿ ಒಣಗುತ್ತೆ," ಎಂದು ಕುಕ್ ನೋಟು ಕೊಟ್ಟು ಅವಸರದಿಂದ ಹೊರಟಳು.

ಬೋಣಿಯ ನೋಟನ್ನು ಸರಕಿನ ಮೇಲೆ ಸವರುವುದು ರೂಢಿ. ಥೋವಾ ನೀರು ಸೋರುತ್ತಿದ್ದ ಅಂಗಿಗಳ ಮೇಲೆ ಅದನ್ನು ನಿಧಾನವಾಗಿ ಸವರಿದಳು. ಹೋದದ್ದು ಹನ್ನೊಂದು ಪೈಜಾಮ, ಸೆನ್‌ಳ ಎರಡು ಚಾಪೆ, ಒಂದು ಫ್ಯಾನು, ತನ್ನ ಎಡಗಣ್ಣಿನ ಹುಬ್ಬು, ಬಾಗಿಲ ಪಕ್ಕದ ಜಾಗ.