ಕಪ್ಪು ಬಳಿದ ಸಮುದ್ರ

ವಿಜ್ಞಾನ ಸಂಗ್ರಹಾಲಯದ ಮಾದರಿಗಳನ್ನು ಮಾಡಿಸುವ ಜವಾಬ್ದಾರಿ ಅತ್ತಿಗೆಯದು. ಅವಕ್ಕೆ ಬಣ್ಣ ಹಚ್ಚುವವಳು ಅವಳ ಗಂಡನ ತಂಗಿ. ನಲವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಒಂದೇ ಸೂರಿನಡಿ ಇದ್ದರೂ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದು ಕಾರ್ಯಾಗಾರದಲ್ಲಿ. ಜಗಳವಾಡುವುದೂ ಅಲ್ಲೇ.

ಈ ಸಲದ ಮಾದರಿ ಧ್ರುವದ ಮಂಜುಗಡ್ಡೆಯದು. ಎರಡು ತಗಡಿನ ತಟ್ಟೆ, ಎರಡರ ಮೇಲೂ ಒಂದೇ ಬಗೆಯ ದೀಪ, ಒಂದೊಂದಕ್ಕೂ ಒಂದು ಉಷ್ಣಮಾಪಕ. ಒಂದು ತಟ್ಟೆಗೆ ಹಿಮದ ಬಿಳಿ, ಇನ್ನೊಂದಕ್ಕೆ ಮಂಜು ಕರಗಿದ ಮೇಲೆ ತೆರೆದುಕೊಳ್ಳುವ ಸಮುದ್ರದ ಬಣ್ಣ.

“ಅಲ್ಲ ಅತ್ತಿಗೆ, ಅಷ್ಟು ದೂರದಲ್ಲಿ ಮಂಜು ಕರಗಿದ್ರೆ ನಮಗ್ಯಾಕೆ ಸೆಕೆ ಆಗ್ಬೇಕು?” ಎಂದು ಪುಟ್ಟಿ ಮೊದಲ ದಿನವೇ ಕೇಳಿದ್ದಳು.

“ಬಿಳಿ ಮಂಜು ಬಿಸಿಲಿನ ಬಹುಪಾಲನ್ನ ಆಕಾಶಕ್ಕೇ ವಾಪಸ್ ಕಳಿಸುತ್ತೆ. ಅದು ಹೋದ್ರೆ ಕೆಳಗಿನ ನೀರು ಆ ಬಿಸಿಲನ್ನ ನುಂಗುತ್ತೆ. ನೀರು ಬಿಸಿಯಾದ್ರೆ ಪಕ್ಕದ ಮಂಜೂ ಕರಗುತ್ತೆ. ಆಗ ಇನ್ನಷ್ಟು ನೀರು, ಇನ್ನಷ್ಟು ಬಿಸಿ. ಗಾಳಿ, ನೀರು ಅಲ್ಲೇ ಕೂತಿರುತ್ತಾ? ಭೂಮಿಯೆಲ್ಲ ಸುತ್ತುತ್ತೆ.”

ಪುಟ್ಟಿ ಮನಸ್ಸಿಟ್ಟು ಸಮುದ್ರ ಬಿಡಿಸಿದಳು. ತಿಳಿನೀಲಿ ನೀರು, ಅದರ ಮೇಲೆ ಬೆಳ್ಳಿಯಂಥ ನೊರೆ. ಕಚೇರಿಯವರೆಲ್ಲ ಬಂದು ಕಣ್ಣು ತುಂಬಿಕೊಂಡು ಹೋದರು.

ಆದರೆ ದೀಪ ಹಚ್ಚಿದಾಗ ಎರಡು ಉಷ್ಣಮಾಪಕಗಳೂ ಹೆಚ್ಚುಕಡಿಮೆ ಒಂದೇ ಕಡೆ ನಿಂತವು. ನಿರ್ದೇಶಕರು ಮೂಗು ಮುರಿದರು.

“ಇದನ್ನ ನೋಡೋಕೆ ಯಾರು ಬರ್ತಾರೆ? ನೀಲಿ ತಟ್ಟೆ ಅಡಿಗೆ ಒಂದು ಹೀಟರ್ ಇಟ್ಟುಬಿಡಿ. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಿರುತ್ತಲ್ಲ ಸರ್,” ಎಂದಳು ಅತ್ತಿಗೆ.

“ಹಾಗಾದ್ರೆ ಬೇಗ ಸರಿಮಾಡಿ. ಇಲ್ಲಾಂದ್ರೆ ಈ ಮಾದರೀನೇ ಬೇಡ.”

ತಪ್ಪು ಎಲ್ಲಿದೆಯೆಂದು ಅತ್ತಿಗೆಗೆ ಅಷ್ಟರಲ್ಲೇ ಹೊಳೆದಿತ್ತು. ಹೇಳಲು ಬಾಯಿ ಬರಲಿಲ್ಲ. ಸಂಜೆ ಧೈರ್ಯ ಮಾಡಿದಳು: “ಪುಟ್ಟಿ, ಬಣ್ಣ ತೀರಾ ತಿಳಿಯಾಯ್ತು, ಬೆಳಕನ್ನ ನುಂಗ್ತಿಲ್ಲ. ಕಪ್ಪಿಗೆ ಹತ್ತಿರ ಇರಬೇಕಿತ್ತು.”

“ಸಮುದ್ರ ಎಲ್ಲಾದ್ರೂ ಕಪ್ಪಗಿರುತ್ತಾ? ಬೆನ್ನು ಬಗ್ಗಿಸಿ ಬಿಡಿಸಿದ್ದನ್ನ ಅಳಿಸು ಅಂತೀರಲ್ಲ, ಹೀಟರೇ ಇಟ್ಕೊಳ್ಳಿ!”

ಕುಂಚವನ್ನು ಡಬ್ಬಿಗೆ ಎಸೆದು ಹೊರಟಳು. ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡೇ ಇದ್ದಳು. ಇಬ್ಬರ ನಡುವೆ ಸಿಕ್ಕಿಕೊಂಡ ಅಣ್ಣ ತಲೆ ಎತ್ತದೆ ಉಂಡು ಎದ್ದ.

ಮರುದಿನ ಅತ್ತಿಗೆ ವಾದಕ್ಕೆ ಇಳಿಯಲಿಲ್ಲ. ವಿಮಾನದಿಂದ ತೆಗೆದ ಧ್ರುವಪ್ರದೇಶದ ಚಿತ್ರವೊಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಾರ್ಯಾಗಾರದ ಮೇಜಿನ ಮೇಲೆ ಹರಡಿ, ಆಚೆ ಹೋದಳು. ಒಡೆದ ಮಂಜಿನ ಹಲಗೆಗಳು, ಅವುಗಳ ನಡುವೆ ಶಾಯಿ ಚೆಲ್ಲಿದಂಥ ನೀರು. ಪುಟ್ಟಿ ಆ ಕಪ್ಪಿನ ಮೇಲೆ ಬೆರಳಾಡಿಸಿದಳು. ಬಿಳಿಯ ನಡುವೆ ಇಷ್ಟೊಂದು ಕಪ್ಪಿರಬಹುದೆಂದು ಅವಳು ಎಣಿಸಿರಲಿಲ್ಲ.

ಅತ್ತಿಗೆ ವಾಪಸಾದಾಗ ಅವಳು ಸ್ಯಾಂಡ್‌ಪೇಪರ್ ಹಿಡಿದು ತನ್ನ ನೊರೆಯನ್ನೆಲ್ಲ ಉಜ್ಜಿ ತೆಗೆಯುತ್ತಿದ್ದಳು.

“ಮಾತಾಡಿಸ್ಬೇಡಿ, ಅಳು ಬರುತ್ತೆ,” ಎಂದಳು.

ಅತ್ತಿಗೆ ಸ್ಯಾಂಡ್‌ಪೇಪರಿನ ಇನ್ನೊಂದು ಚೂರು ತೆಗೆದುಕೊಂಡು ಎದುರು ಕೂತು ತಾನೂ ಉಜ್ಜತೊಡಗಿದಳು.

ಹೊಸ ಬಣ್ಣ ಒಣಗಿದ ಮೇಲೆ ಮತ್ತೆ ದೀಪ ಹಚ್ಚಿದರು. ಈ ಸಲ ಕಪ್ಪು ತಟ್ಟೆಯ ಉಷ್ಣಮಾಪಕ ನಿಧಾನವಾಗಿ ಏರುತ್ತಲೇ ಹೋಯಿತು, ಬಿಳಿಯದು ಹಿಂದೆ ಉಳಿಯಿತು. ನಿರ್ದೇಶಕರು “ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ರೆ...” ಎಂದು ರಾಗ ಎಳೆದರು. ಹೀಟರಿನ ಮಾತು ಮಾತ್ರ ಎತ್ತಲಿಲ್ಲ.

ಉದ್ಘಾಟನೆಗೆ ಬಂದ ಅತಿಥಿಗಳು ಎಷ್ಟು ಉದ್ದದ ಭಾಷಣ ಬಿಗಿದರೆಂದರೆ, ಮುಗಿಯುವ ಹೊತ್ತಿಗೆ ಕಪ್ಪು ತಟ್ಟೆ ಚೆನ್ನಾಗಿ ಕಾದಿತ್ತು. ಅಜ್ಜಿಯೊಬ್ಬರು ಬಿಳಿ ತಟ್ಟೆ ಮುಟ್ಟಿ, ಆಮೇಲೆ ಕಪ್ಪು ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು.

“ದೀಪ ಎರಡೂ ಒಂದೇ ಥರದ್ದಲ್ವೇನಮ್ಮ?”

“ಒಂದೇ ಥರದ್ದು ಅಜ್ಜಿ. ಬಣ್ಣ ಬೇರೆ, ಅಷ್ಟೆ,” ಎಂದಳು ಪುಟ್ಟಿ.

“ಕರಗಿದ ಮಂಜು ಮತ್ತೆ ಬರಲ್ವಾ?”

ಪುಟ್ಟಿ ಅತ್ತಿಗೆಯ ಮುಖ ನೋಡಿದಳು.

“ಚಳಿಗಾಲಕ್ಕೆ ಬರುತ್ತೆ,” ಎಂದಳು ಅತ್ತಿಗೆ, “ಆದ್ರೆ ಮೊದಲಿನಷ್ಟು ಬರ್ತಿಲ್ಲ. ನಾವು ಹೊಗೆ ಉಗುಳೋದು ಕಮ್ಮಿ ಮಾಡಿದ್ರೆ ಉಳಿದಿದ್ದಾದ್ರೂ ಉಳಿಯುತ್ತೆ.”

ಅಜ್ಜಿ ಬಿಳಿ ತಟ್ಟೆಯ ಮೇಲೆ ಅಂಗೈಯಿಟ್ಟು ನಿಂತೇ ಇದ್ದರು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಪುಟ್ಟಿ ಅವರನ್ನು ಕಣ್ಣಲ್ಲೇ ಗದರಿಸಿ, ಅಜ್ಜಿಗೊಂದು ಕುರ್ಚಿ ಎಳೆದು ಹಾಕಿದಳು.