ಹಳದಿ ಪಂಪಿನ ಗೊರಕೆ

ಇದು ನಡೆದ ಕಥೆ. ಇದರಲ್ಲಿ ಬರುವ ಮೂವರನ್ನು ಕೇಳಿದರೆ ಮೂರು ಥರ ಹೇಳುತ್ತಾರೆ. ಆದರೆ ಅವತ್ತು ಕರೆಂಟು ಹೋಗಿತ್ತು ಎಂಬುದನ್ನು ಮೂವರೂ ಒಪ್ಪುತ್ತಾರೆ. ಕಥೆ ಖರೆ ಎನ್ನಲು ಅಷ್ಟು ಸಾಕು.

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಚಾಂದ್‌ಪಾಷಾನ ಫ್ಲೆಕ್ಸ್ ಅಂಗಡಿ. ಅಂಗಡಿಯ ಮುಕ್ಕಾಲು ಪಾಲು ಹತ್ತಡಿ ಅಗಲದ ಪ್ರಿಂಟಿಂಗ್ ಮಿಷನ್ನು. ಉಳಿದ ಕಾಲು ಪಾಲಿನಲ್ಲಿ ಕೌಂಟರು, ಫ್ಲೆಕ್ಸ್ ರೋಲುಗಳು, ಮಧ್ಯಾಹ್ನದ ಊಟವಾದ ಮೇಲೆ ಆ ರೋಲುಗಳ ಮೇಲೆ ಚಾಂದ್‌ಪಾಷಾ. ಮಿಷನ್ನು ನಡೆಸುವವಳು ಸಾಲಗುಂದದ ಸುಕನ್ಯಾ. ಬಿ.ಎ. ಮುಗಿಸಿ ಮೂರು ವರ್ಷ ಕೌಂಟರಿನಲ್ಲಿ ಕೂತು, ಊರವರ ಹೆಸರಿನ ಒತ್ತಕ್ಷರ ತಿದ್ದಿದವಳು, ಹೋದ ವರ್ಷವಷ್ಟೇ ಹಟ ಹಿಡಿದು ಮಿಷನ್ನಿನ ಸ್ಟೂಲಿಗೆ ಬಂದಿದ್ದಳು. ಅವಳಿಗೊಂದು ಚಟ. ಬೆಳಿಗ್ಗೆ ಕಿವಿಗೆ ಬಿದ್ದ ದನಿ ಸಂಜೆಯೊಳಗೆ ಬಾಯಿಗೆ ಬರುತ್ತಿತ್ತು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ಕೆಮ್ಮನ್ನು ಬಾಗಿಲ ಹಿಂದೆ ನಿಂತು ಕೆಮ್ಮಿ, ಇಡೀ ಕ್ಲಾಸನ್ನು ಎರಡು ಸಲ ಎಬ್ಬಿಸಿ ನಿಲ್ಲಿಸಿದ್ದಳು.

ಮಿಷನ್ನಿಗೆ ಸಯಾನ್ ಎಂಬ ನೀಲಿ, ಮಜೆಂಟಾ ಎಂಬ ಕೆಂಪು, ಹಳದಿ, ಕಪ್ಪು, ಹೀಗೆ ನಾಲ್ಕು ಬಣ್ಣ, ನಾಲ್ಕು ಪಂಪು, ಪಂಪಿಗೊಂದು ಫಿಲ್ಟರು. ಇಂಕಿನ ಕಸವೆಲ್ಲ ಅದರಲ್ಲೇ ನಿಲ್ಲಬೇಕು. ಫಿಲ್ಟರಿನ ಮೈಮೇಲೆ ಒಂದು ಬಾಣ ಇರುತ್ತದೆ. ಬಾಣ ತೋರಿಸಿದ ಕಡೆಗೇ ಇಂಕು ಹೋಗಬೇಕು.

ಮಿಷನ್ನು ಕೈಕೊಟ್ಟರೆ ಲಿಂಗಸುಗೂರಿನ ಗಾಳೆಪ್ಪ ಇಂಜಿನಿಯರು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರಿನ ಮಿಷನ್ನುಗಳಿಗೆ ಅವನೊಬ್ಬನೇ ಡಾಕ್ಟರು. ಇಂಕು ಗಾಳಿಸುವ ಕೆಲಸಕ್ಕೆ ಹೋಗುವವನೆಂದು ಗೊತ್ತಿದ್ದೇ ಹಡೆದವರು ಹೆಸರಿಟ್ಟಂತಿತ್ತು. ಅವನು ಬಸ್ಸು ಹತ್ತುವುದು ಅಪರೂಪ. “ಫೋನು ಮಿಷನ್ ಹತ್ರ ಹಿಡೀರಿ” ಎನ್ನುತ್ತಿದ್ದ. ಎರಡು ನಿಮಿಷ ಉಸಿರು ಬಿಡದೆ ಕೇಳುತ್ತಿದ್ದ. ಆಮೇಲೆ “ಫಿಲ್ಟರ್” ಎನ್ನುತ್ತಿದ್ದ. ಚಾಂದ್‌ಪಾಷಾ ಅದನ್ನು ಆಕಾಶವಾಣಿ ಎಂಬಂತೆ ಕೇಳುತ್ತಿದ್ದ.

ಸೋಮವಾರ ಬಳಗಾನೂರಿನ ನಿಶ್ಚಿತಾರ್ಥದ ಬ್ಯಾನರು ಅಚ್ಚಾಗುತ್ತಿತ್ತು. ವರ ಅರ್ಧ ಹೊರಗೆ ಬರುವಷ್ಟರಲ್ಲಿ ಮಜೆಂಟಾ ಕೈಕೊಟ್ಟು ಅವನ ಮುಖ ಹಸಿರಾಯಿತು.

“ಅರೇ, ಹುಡುಗ ಭತ್ತದ ಸಸಿ ಆಗ್ಯಾನಲ್ಲ” ಎಂದ ಚಾಂದ್‌ಪಾಷಾ. “ಹಿಂಗ ಕಳಿಸಿದ್ರ ನಿಶ್ಚಯ ಬಿಟ್ಟು ನಾಟಿ ಮಾಡ್ತಾರ.”

ಫೋನು ಹಿಡಿದದ್ದಾಯಿತು. “ಫಿಲ್ಟರ್ ಉಲ್ಟಾ ಹಾಕ್ಯಾಳ್ರಿ ಸಾಬ್ರ” ಎಂದಿತು ಲಿಂಗಸುಗೂರು. “ಬಾಣ ನೋಡಂಗಿಲ್ಲ ಆಕಿ. ಇದು ಮೂರನೇ ಸಲ.”

ಸುಕನ್ಯಾ ಬಿಚ್ಚಿ ನೋಡಿದಳು. ಬಾಣ ಸರಿಯಾಗಿಯೇ ಇತ್ತು. ಪಂಪಿನ ಬಾಯಿಗೆ ಸಿಕ್ಕಿಸಿದ ಪೈಪು ಕೂದಲೆಳೆಯಷ್ಟು ಸೀಳಿ ಗಾಳಿ ಎಳೆಯುತ್ತಿತ್ತು. ಸೀಳಿದ ತುದಿಯನ್ನು ಎರಡು ಬೆರಳಷ್ಟು ಕೊಯ್ದು ತೆಗೆದು ಮತ್ತೆ ಸಿಕ್ಕಿಸಿದಳು. ವರ ನಾಚಿ ಕೆಂಪಾಗಿ ಹೊರಬಂದ.

“ನೋಡಿದೇನು? ಗಾಳೆಪ್ಪ ಹೇಳಿದ ಮ್ಯಾಲ ಸರಿಯಾತು” ಎಂದ ಚಾಂದ್‌ಪಾಷಾ.

ಮಂಗಳವಾರ ಸುಕನ್ಯಾ ಬಂದು ನೋಡಿದರೆ ಕೌಂಟರಿನ ಕುರ್ಚಿಯ ಮೇಲೆ ಹೊಸ ಕುಶನ್ನು. ಹೂವಿನ ಬಟ್ಟೆಯದು. ಮೂರು ವರ್ಷ ಬರೀ ಕಬ್ಬಿಣದ ಮೇಲೆ ಕೂತವಳಿಗೆ ಅದರ ಅರ್ಥ ತಕ್ಷಣ ತಿಳಿಯಿತು.

“ನಾಳಿಂದ ನೀ ಇಲ್ಲೇ ಕೂತ್ಕೊ ಬೇಟಾ” ಎಂದ ಚಾಂದ್‌ಪಾಷಾ, ಕುಶನ್ನನ್ನು ತಟ್ಟುತ್ತ. “ಮಿಷನ್ನಿಗೆ ಗಾಳೆಪ್ಪ ಮಸ್ಕಿಯಾಗ ಯಾರನ್ನೋ ನೋಡ್ಯಾನ. ನಿನಗೂ ಆರಾಮ.”

“ಆರಾಮ ಇಲ್ಲಂತ ನಾ ಯಾವಾಗ ಅಂದೀನ್ರಿ ಸಾಬ್ರ?” ಎಂದಳು ಸುಕನ್ಯಾ. “ಒಂದ ಸಲ ನಿಮ್ಮ ಮುಂದ ಗಾಳೆಪ್ಪಣ್ಣಾರಿಗೆ ಪಂಪಿನ ಸದ್ದು ಕೇಳಸ್ತೀನಿ. ಅವರು ಹೇಳಿದ್ದು ಖರೆ ಇದ್ರ ನಾನ ಹೋಗಿ ಕುಶನ್ ಮ್ಯಾಲ ಕೂಡ್ತೀನಿ.”

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಮಿಷನ್ನು ಸತ್ತ ಎಮ್ಮೆಯಂತೆ ಬಿದ್ದುಕೊಂಡಿತು.

“ಈಗ ಏನ್ ಕೇಳಸ್ತಿ?”

“ಈಗನ ಛಲೋ ಆತು” ಎಂದು ಅವಳು ಮಿಷನ್ನಿನಿಂದ ಆದಷ್ಟು ದೂರ ಬಂದು ಕೂತು ಫೋನು ಹಚ್ಚಿ, ಸ್ಪೀಕರಿಗೆ ಹಾಕಿದಳು. “ಅಣ್ಣಾರ, ಮಜೆಂಟಾ ಕೇಳ್ರಿ.” ಫೋನನ್ನು ಬಾಯಿಯ ಹತ್ತಿರ ತಂದು ಶುರು ಮಾಡಿದಳು. ಟುಕ್, ಟುಕ್, ಘುರ್ರ್, ಟುಕ್.

“ಫಿಲ್ಟರ್” ಎಂದ ಗಾಳೆಪ್ಪ. “ಮತ್ತ ಉಲ್ಟಾ.”

ಚಾಂದ್‌ಪಾಷಾ ಮಿಷನ್ನಿನ ಕಡೆ ನೋಡಿದ. ಸುಕನ್ಯಾಳ ಬಾಯಿಯ ಕಡೆ ನೋಡಿದ.

“ಇದು ಸಯಾನ್ರಿ” ಎಂದು ಅವಳು ಬಾಯಲ್ಲೇ ತಮ್ಮ ಮನೆಯ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ರುಬ್ಬಿದಳು.

“ಕಸ ಕಟ್ಟೇತಿ. ತೆಗೀರಿ.”

“ಇದು ಬ್ಲ್ಯಾಕ್” ಎಂದು ಮಸ್ಕಿ ಬಸ್ಸನ್ನು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಳು. ಬಸ್ಸು ಮೂರನೇ ಸಲಕ್ಕೆ ಎದ್ದಿತು.

“ಅದೂ ಹೋತು.”

ಉಳಿದದ್ದು ಹಳದಿ. ಸುಕನ್ಯಾ ಮಾಲಕನ ಮುಖವನ್ನು ಒಂದು ಗಳಿಗೆ ನೋಡಿದಳು. ಹೇಗೂ ಕುಶನ್ನು ಬಂದಾಗಿದೆ ಎಂದುಕೊಂಡು, ಊಟವಾದ ಮೇಲಿನ ಚಾಂದ್‌ಪಾಷಾನ ಗೊರಕೆ ಹೊಡೆದಳು. ಒಳಗೆ ಎಳೆಯುವಾಗ ಗರಗಸ, ಹೊರಗೆ ಬಿಡುವಾಗ ಸೀಟಿ, ನಡುವೆ ಏನನ್ನೋ ನುಂಗಿದ ಸದ್ದು.

ಲಿಂಗಸುಗೂರು ಲೊಚಗುಟ್ಟಿತು.

“ತಂಗಿ, ಇದು ಫಿಲ್ಟರ್ ಬದಲಿ ಮಾಡಿದ್ರೂ ಸುಧಾರಸಂಗಿಲ್ಲ” ಎಂದ ಗಾಳೆಪ್ಪ. “ಭಾಳ ಹಳೇದಾಗೇತಿ. ಇರ್ಲಿ, ನಾಳೆ ನಾಲ್ಕೂ ಫಿಲ್ಟರ್ ತಗೊಂಡು ನಾನ ಬರ್ತೀನಿ.” ಫೋನು ಇಟ್ಟ.

ಚಾಂದ್‌ಪಾಷಾ ತನ್ನ ಮೂಗು ಮುಟ್ಟಿ ನೋಡಿಕೊಂಡ.

“ನಾ ಹಂಗ ಹೊಡೀತೀನೇನು?” ಎಂದ ಚಾಂದ್‌ಪಾಷಾ.

“ಇಂಜಿನಿಯರ್ರು ಹೇಳಿದ್ರಲ್ರಿ.”

ಅವನು ನಗಲಿಲ್ಲ. “ಬೇಟಾ, ನೀ ಗೆದ್ದಿ, ಒಪ್ಪಿದೆ. ಆದ್ರ ಆತ ಸಿಟ್ಟಾಗಿ ಈ ಅಂಗಡಿ ಮೆಟ್ಟಲ ಹತ್ತಂಗಿಲ್ಲ ಅಂದ್ರ? ಮೂರು ಊರಿಗೆ ಒಬ್ಬ ಮನಷಾ. ನಿನ್ನ ಇಟ್ಕೊಂಡು ಆತನ್ನ ಕಳಕೊಂಡ್ರ ನಾ ಅಂಗಡಿ ಮುಚ್ಚಬೇಕು. ಆತ ಏನಂತಾನ ನೋಡೂಣು.” ಕುಶನ್ನು ಕೌಂಟರಿನ ಕುರ್ಚಿಯ ಮೇಲೇ ಉಳಿಯಿತು.

ಬುಧವಾರ ಹನ್ನೊಂದಕ್ಕೆ ಗಾಳೆಪ್ಪ ಬಂದ. ಕೈಚೀಲದಲ್ಲಿ ನಾಲ್ಕು ಫಿಲ್ಟರು. ಚಾಂದ್‌ಪಾಷಾ ಚಹಾ ತರಿಸಿ, ಹವಾಮಾನದ ಮಾತಾಡಿ, ಮತ್ತೊಂದು ಚಹಾ ತರಿಸಿದ. ಕೊನೆಗೆ ಸುಕನ್ಯಾಳೇ ಎದ್ದು ನಿಂತಳು.

“ಅಣ್ಣಾರ, ನಿನ್ನೆ ಫೋನ್ ಮಾಡಿದಾಗ ಕರೆಂಟ್ ಇರಲಿಲ್ಲ.”

“ಮತ್ತ ಮಿಷನ್ ಸದ್ದು?”

“ಟುಕ್, ಟುಕ್, ಘುರ್ರ್” ಎಂದಳು.

ಗಾಳೆಪ್ಪ ಚಹಾದ ಕಪ್ಪು ಕೆಳಗಿಟ್ಟ. ಎದ್ದ. ಮಿಷನ್ನಿನ ಬಾಗಿಲು ತೆರೆದು ಮಜೆಂಟಾ ಫಿಲ್ಟರಿನ ಬಾಣ ನೋಡಿದ. ಆಮೇಲೆ ಪೈಪಿನ ಮೇಲೆ ಬೆರಳಾಡಿಸಿದ.

“ಇದನ್ನ ಯಾರು ಕೊಯ್ದವರು?”

“ನಾನ್ರಿ. ಗಾಳಿ ಎಳೀತಿತ್ತು. ಎರಡು ಟುಕ್ ನಡುವ ಸಣ್ಣಗ ಸುಂಯ್ ಅಂತಿತ್ತು.”

“ಆ ಸುಂಯ್ ಒಂದೀಟು ಮಾಡು.”

ಮಾಡಿದಳು. ಗಾಳೆಪ್ಪ ಬಲಗಿವಿ ಕೊಟ್ಟ. ತಲೆ ಅಲ್ಲಾಡಿಸಿದ. ಎಡಗಿವಿ ಕೊಟ್ಟ. ಮತ್ತೆ ತಲೆ ಅಲ್ಲಾಡಿಸಿದ.

“ನನಗ ಕೇಳಂಗಿಲ್ಲವ್ವ” ಎಂದ, ವಿಳಾಸ ಹೇಳಿದಷ್ಟು ಸಲೀಸಾಗಿ. “ಹನ್ನೆರಡು ವರ್ಷ ಜನರೇಟರ್ ಬಾಜೂಕ ನಿಂತು ಕೆಲಸ ಮಾಡೀನಿ. ಫೋನಿನಾಗ ಮನಷಾರ ಮಾತು ಕೇಳ್ತದ. ಮಿಷನ್ ಹಿಡಿದ್ರ ಬರೇ ಗುಂಯ್. ಹತ್ತರಾಗ ಒಂಬತ್ತು ಸಲ ಫಿಲ್ಟರ್ ಇರ್ತದ, ಅದಕ್ಕ ಫಿಲ್ಟರ್ ಅಂತೀನಿ. ಆ ಹತ್ತನೇದ್ದು ನಿನ್ನ ತಲಿಗೆ ಬಂತು ನೋಡು.” ಚಾಂದ್‌ಪಾಷಾನ ಕಡೆ ತಿರುಗಿದ. “ಸಾಬ್ರ, ಮಸ್ಕಿಯವ ಬ್ಯಾಡ. ಇನ್ನ ಮ್ಯಾಲ ಬ್ಯಾರೆ ಊರವರು ಫೋನ್ ಹಿಡಿದ್ರ ನಾನ ಈಕಿಗೆ ಹಚ್ಚಿ ಕೇಳ್ತೀನಿ.”

ಚಾಂದ್‌ಪಾಷಾ ಕೌಂಟರಿಗೆ ಹೋಗಿ ಹೂವಿನ ಕುಶನ್ನು ಎತ್ತಿ ತಂದು, ಧೂಳು ಝಾಡಿಸಿ, ಮಿಷನ್ನಿನ ಮುಂದಿನ ಸ್ಟೂಲಿನ ಮೇಲಿಟ್ಟ. ಸುಕನ್ಯಾ ಕೂತಳು. ಮೆತ್ತಗಿತ್ತು.

“ಅದು ಹೋಗ್ಲಿ” ಎಂದ ಗಾಳೆಪ್ಪ. “ಆ ಹಳದಿ ಪಂಪು ಯಾವ್ದು? ಅದೊಂದ ನನಗ ಸ್ವಚ್ಛ ಕೇಳಿತ್ತು, ಸುಧಾರಸಂಗಿಲ್ಲ ಅಂದಿದ್ನಲ್ಲ?”

ಸುಕನ್ಯಾ ಕಣ್ಣಲ್ಲೇ ಮಾಲಕನನ್ನು ತೋರಿಸಿ, ಗರಗಸ ಎಳೆದು ಸೀಟಿ ಬಿಟ್ಟಳು.

ಮೊದಲು ಸುಕನ್ಯಾ ನಕ್ಕಳು. ತಡೆದೂ ತಡೆದೂ ಚಾಂದ್‌ಪಾಷಾ ನಕ್ಕ. ಗಾಳೆಪ್ಪ ಮಾತ್ರ ಚೀಲದಿಂದ ಒಂದು ಹೊಸ ಫಿಲ್ಟರ್ ತೆಗೆದು, ಬಾಣವನ್ನು ಎರಡು ಸಲ ನೋಡಿ, ಅದನ್ನು ಚಾಂದ್‌ಪಾಷಾನ ಮೂಗಿಗೆ ಹಿಡಿದು ಅಳತೆ ನೋಡಿದ. ಆಮೇಲೆ ಫ್ಲೆಕ್ಸ್ ರೋಲಿನ ಮೇಲೆ ಕುಸಿದು ಕೂತು, ಎದುರಿನ ಹೋಟೆಲ್ಲಿನವರು ಎದ್ದು ಬಾಗಿಲಿಗೆ ಬರುವಷ್ಟು ಜೋರಾಗಿ ನಕ್ಕ.