ಉಚಿತ ಕ್ಷೌರ, ಹತ್ತರಿಂದ ಒಂದರವರೆಗೆ

ಗಿರಾಕಿಯ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಕತ್ತಿ ಇಡಲಿದ್ದ ಕ್ಷೌರಿಕ ಚಿಕ್ಕ ಕತ್ತರಿ, ಕೈಯನ್ನು ಗಾಳಿಯಲ್ಲೇ ತಡೆದು ರೇಡಿಯೊ ಕಡೆ ಕಿವಿಕೊಟ್ಟ. ಹನ್ನೊಂದು ವರ್ಷದಿಂದ ಆ ಸ್ಟೇಷನ್ನನ್ನು ಅಂಗಡಿಯಲ್ಲಿ ಹಾಕಿರಲಿಲ್ಲ. ಇವತ್ತು ಹಾಕಿದ್ದು ಎದುರಂಗಡಿಯವನ ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಅಂತ ತಿಳಿಯುವುದಕ್ಕೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳಿದ ಅನ್ನುವುದೇ ಬೀದಿಗೆಲ್ಲ ಸುದ್ದಿಯಾಗುತ್ತಿತ್ತು. ರೇಡಿಯೊಗೆ ಆ ಚಾಳಿಯಿಲ್ಲ. ಊರಿಗೆಲ್ಲ ಹೇಳುತ್ತದೆ, ಯಾರು ಕೇಳಿಸಿಕೊಂಡರು ಅಂತ ಮಾತ್ರ ಹೇಳುವುದಿಲ್ಲ.

ಚರ್ಚಿನವರು ನಡೆಸುವ ಪುಟ್ಟ ಸ್ಟೇಷನ್ ಅದು. ಅಲ್ಲಿ ಪ್ರಕಟಣೆ ಓದುವ ಹೆಂಗಸಿಗೆ ಪ್ರಕಟಣೆ ಅಕ್ಕ ಎಂದೇ ಹೆಸರು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅವಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಕಂಬಳಿ ಸಂಗ್ರಹ, ಆಟಿಕೆ ಸಂಗ್ರಹ, ಮಕ್ಕಳ ಹಾಡು, ವೃದ್ಧಾಶ್ರಮದ ಭೇಟಿ, ಎಲ್ಲವನ್ನೂ ಮಲಗಿದ ಮಗುವಿಗೆ ಹೊದಿಕೆ ಎಳೆಯುವ ದನಿಯಲ್ಲಿ ಓದುತ್ತಿದ್ದಳು.

“ಎಲ್ಲರ ಪ್ರೀತಿಯ ಕ್ಷೌರಿಕರಾದ ದೊಡ್ಡ ಕತ್ತರಿಯವರು ಗುರುವಾರ ಕರ್ತನಲ್ಲಿ ನಿದ್ರೆ ಹೋದರು. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಎರಡಕ್ಕೆ, ಚರ್ಚಿನಲ್ಲಿ.” ನಡುವೆ ಎರಡು ಎಳೆ ಸಂಗೀತ. ಮತ್ತೆ ಅದೇ ದನಿ: “ಇಂದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಚರ್ಚಿನ ಪಕ್ಕದ ಸಭಾಂಗಣದಲ್ಲಿ ಉಚಿತ ಕ್ಷೌರ. ಕೈಯಲ್ಲಿ ಕಾಸಿಲ್ಲವೆಂದು ಹಬ್ಬದ ದಿನ ಯಾರೂ ತಲೆ ಕೆದರಿಕೊಂಡು ಇರಬೇಕಾಗಿಲ್ಲ. ಕ್ಷೌರ ಮಾಡುವವರು, ಎಲ್ಲರ ಪ್ರೀತಿಯ ದೊಡ್ಡ ಕತ್ತರಿಯವರು.”

ನೊರೆಯೊಳಗಿಂದ ಗಿರಾಕಿಯ ಬಾಯಿ ತೆರೆಯಿತು. “ಒಂದಕ್ಕೆ ಕೆಲಸ ಮುಗಿಸಿ ಎರಡಕ್ಕೆ ಪೆಟ್ಟಿಗೆಯೊಳಗೆ ಹೋಗಿ ಮಲಗ್ತಾರಾ ಹಾಗಾದ್ರೆ? ಟೈಮಿಗೆ ಮಾತ್ರ ಪಕ್ಕಾ ಮನುಷ್ಯ.”

“ಬಾಯಿ ಮುಚ್ಚಿ. ಕತ್ತಿ ಕೆನ್ನೆ ಮೇಲಿದೆ.”

“ಅಲ್ಲ, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದನ್ನ ತೆಗೆಯೋಕೆ ಮರೆತಿದಾರೆ. ಪಾಪ, ಜನ ಬಂದುಬಿಡ್ತಾರಲ್ಲ.”

“ಬರ್ಲಿ. ನಂಗೇನು.”

ನಂಗೇನು ಅಂದವನು ಎಡಗೆನ್ನೆಯನ್ನು ಬಲಗೆನ್ನೆಯ ಅರ್ಧ ಹೊತ್ತಿನಲ್ಲಿ ಮುಗಿಸಿದ. ಗಿರಾಕಿಯ ಹಿಂದೆಯೇ ಷಟರ್ ಎಳೆದ. ಬೀಗ ಹಾಕುವಾಗ ನೋಡಿದರೆ ಕತ್ತರಿ, ಬಾಚಣಿಗೆ, ಮೆಷಿನ್ ತುಂಬಿದ ಪೆಟ್ಟಿಗೆ ಕೈಯಲ್ಲೇ ಇತ್ತು. ಒಳಗಿಡಲು ಮತ್ತೆ ಷಟರ್ ಎತ್ತಬೇಕು. ಮಂಡಿನೋವು. ಇರಲಿ ಅಂತ ಹಾಗೆಯೇ ನಡೆದ.

*

ಇಬ್ಬರೂ ಒಬ್ಬರೇ ಮೇಷ್ಟ್ರ ಅಂಗಡಿಯಲ್ಲಿ ಕೂದಲು ಗುಡಿಸುತ್ತ ಕೆಲಸ ಕಲಿತವರು. ಮೇಷ್ಟ್ರಿಗೆ ಹೆಸರುಗಳು ನಿಲ್ಲುತ್ತಿರಲಿಲ್ಲ. ಎರಡು ವರ್ಷ ಹಿರಿಯನನ್ನು ದೊಡ್ಡ ಕತ್ತರಿ ಎಂದರು, ಕಿರಿಯನನ್ನು ಚಿಕ್ಕ ಕತ್ತರಿ ಎಂದರು. ಮೇಷ್ಟ್ರು ಹೋದ ಮೇಲೆ ಒಂದೇ ಬೀದಿಯಲ್ಲಿ ಎದುರುಬದುರು ಅಂಗಡಿ ಇಟ್ಟರು. ಜಿದ್ದಿಗಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿ ಇಬ್ಬರಿಗೂ ಗೊತ್ತಿರಲಿಲ್ಲ. ಗಿರಾಕಿಯ ತಲೆಯ ಮೇಲಿಂದಲೇ ಆಚೀಚೆ ಮಾತು ಎಸೆಯುತ್ತಿದ್ದರು.

“ಏನೋ, ಆ ಪೋಸ್ಟ್‌ಮ್ಯಾನ್‌ಗೆ ಎರಡು ಕಿವಿನೂ ಇದೆಯಾ ಇನ್ನೂ?”

“ಒಂದಿದೆ ಅಣ್ಣ. ಇನ್ನೊಂದನ್ನ ಹೋದ ತಿಂಗಳು ನಿನ್ನ ಅಂಗಡೀಲೇ ಬಿಟ್ಟು ಬಂದಿದಾರಂತೆ. ಗುಡಿಸುವಾಗ ಸಿಕ್ರೆ ಕೊಡ್ಬೇಕಂತೆ.”

ಸೋಮವಾರ ರಜೆ. ಅಂದು ಬಾಗಿಲು ಮುಂದೆ ಮಾಡಿಕೊಂಡು ಒಬ್ಬ ಕೂರುವುದು, ಇನ್ನೊಬ್ಬ ಕತ್ತರಿಸುವುದು. ಆಮೇಲೆ ಅದಲುಬದಲು. ಊರಿನವರ ತಲೆಯನ್ನೆಲ್ಲ ಕೈಯಲ್ಲಿ ಹಿಡಿದು ತಿರುಗಿಸುವವನು ತನ್ನ ತಲೆಯನ್ನು ಯಾರ ಕೈಗೆ ಕೊಡುತ್ತಾನೆ ಎನ್ನುವುದು ಸಣ್ಣ ವಿಷಯವಲ್ಲ. ಇಪ್ಪತ್ತು ವರ್ಷ ಅದು ಹೀಗೆಯೇ ನಡೆಯಿತು.

ಹಬ್ಬದ ಉಚಿತ ಕ್ಷೌರ ಶುರು ಮಾಡಿದವನು ದೊಡ್ಡ ಕತ್ತರಿ. ನಾಲ್ಕನೆಯ ವರ್ಷ ರೇಡಿಯೊದವರು ಸಭಾಂಗಣದಿಂದಲೇ ನೇರಪ್ರಸಾರ ಇಟ್ಟುಕೊಂಡರು. ಮುಂಚೆ ಹೇಳದೆ ಹೋಗಿ ಪಕ್ಕದಲ್ಲಿ ನಿಂತುಬಿಡೋಣ ಅಂತ ಚಿಕ್ಕ ಕತ್ತರಿಯೂ ಪೆಟ್ಟಿಗೆ ಹಿಡಿದು ಹೊರಟ. ವರ್ಷದಲ್ಲೇ ಹೆಚ್ಚು ಗಿರಾಕಿ ಬರುವ ದಿನ ಅಂಗಡಿ ಮುಚ್ಚಿ ಹೊರಟಿದ್ದ. ಸಭಾಂಗಣದ ಮೆಟ್ಟಿಲು ಹತ್ತುತ್ತಿದ್ದಾಗ ಒಳಗಿನ ಮಾತು ಧ್ವನಿವರ್ಧಕದಲ್ಲಿ ಕೇಳಿಸಿತು.

“ಎದುರಂಗಡಿಯವರೂ ಬಂದಿದ್ರೆ ಬೇಗ ಆಗ್ತಿತ್ತಲ್ವಾ?” ಪ್ರಕಟಣೆ ಅಕ್ಕ ಕೇಳುತ್ತಿದ್ದಳು.

“ಅವನಾ? ಪುಕ್ಕಟೆ ಅಂದ್ರೆ ಅವನ ಕೈ ಮರಗಟ್ಟಿಹೋಗತ್ತಮ್ಮ. ನಾವೆಲ್ಲ ತಲೆ ನೋಡಿ ಕತ್ತರಿ ಹಾಕ್ತೀವಿ, ಅವನು ಜೇಬು ನೋಡಿ ಹಾಕ್ತಾನೆ.”

ಸಭಾಂಗಣ ಗೊಳ್ಳೆಂದಿತು. ರಸ್ತೆಯಾಚೆಯಿಂದ ಬಂದಿದ್ದರೆ ಆ ಮಾತಿಗೆ ಚಿಕ್ಕ ಕತ್ತರಿ ಇಮ್ಮಡಿ ವಾಪಸು ಎಸೆಯುತ್ತಿದ್ದ, ಎರಡು ಅಂಗಡಿಯ ಗಿರಾಕಿಗಳೂ ನಗುತ್ತಿದ್ದರು. ರೇಡಿಯೊದಲ್ಲಿ ಬಂದದ್ದಕ್ಕೆ ಎಲ್ಲಿ ನಿಂತು ಉತ್ತರ ಕೊಡುವುದು? ಅವನು ಮೆಟ್ಟಿಲಿಳಿದು ಬಂದ. ಆ ವರ್ಷವಿಡೀ ಗಿರಾಕಿಗಳು ಕುರ್ಚಿಯಲ್ಲಿ ಕೂತೊಡನೆ ಜೇಬಿನ ಮೇಲೆ ಕೈ ಇಟ್ಟುಕೊಂಡು, “ಇಲ್ಲಿ ಮಾತ್ರ ಟ್ರಿಮ್ ಬೇಡ” ಅನ್ನುತ್ತಿದ್ದರು. ಆ ಹಬ್ಬ ಕಳೆದ ಸೋಮವಾರ ಚಿಕ್ಕ ಕತ್ತರಿಯ ಬಾಗಿಲು ತೆರೆಯಲಿಲ್ಲ. ದೊಡ್ಡ ಕತ್ತರಿಯೂ ತಟ್ಟಲಿಲ್ಲ.

ಅಲ್ಲಿಂದಾಚೆ ಆ ಬೀದಿಯಲ್ಲಿ ಅತಿ ಕೆಟ್ಟ ಕಟಿಂಗ್ ಇದ್ದ ಎರಡು ತಲೆಗಳು ಅವರಿಬ್ಬರವೇ.

*

ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಸಭಾಂಗಣದ ಮುಂದೆ ಮೂವತ್ತು ಜನರ ಸಾಲು. ಮುದುಕರು, ಲೋಡರುಗಳು, ಆಶ್ರಯಧಾಮದ ನಾಲ್ವರು, ರಾತ್ರಿಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದ ಒಬ್ಬ ವಾಚ್‌ಮನ್. ಮೆಟ್ಟಿಲ ಮೇಲೆ ಪ್ರಕಟಣೆ ಅಕ್ಕ ಕೈಮುಗಿದು ನಿಂತಿದ್ದಳು.

“ನನ್ನದೇ ತಪ್ಪು. ಮಂಗಳವಾರ ರೆಕಾರ್ಡ್ ಮಾಡಿ ಮೆಷಿನ್ನಿಗೆ ಹಾಕಿದ್ದೆ. ಅವರು ಹೋದ ಸುದ್ದಿ ಓದಿದೆ, ಇದನ್ನ ತೆಗೆಯೋದು ಮರೆತೆ. ದಯವಿಟ್ಟು ಮನೆಗೆ ಹೋಗಿ.”

ರೇಡಿಯೊದಲ್ಲಿ ಅವಳು ಹೇಳಿದರೆ ಊರೇ ಕಂಬಳಿ ಹೊತ್ತು ತರುತ್ತಿತ್ತು. ಎದುರು ನಿಂತು ಹೇಳಿದರೆ ಒಬ್ಬನೂ ಕದಲಲಿಲ್ಲ. ಕೆದರಿದ ತಲೆಯಲ್ಲಿ ಅಂತ್ಯಕ್ರಿಯೆಗೆ ನಿಲ್ಲುವುದು ಹೇಗೆ, ಸತ್ತವನು ಎದ್ದು ಬೈಯುತ್ತಾನೆ ಅಂತ ಒಬ್ಬ ಮುದುಕ ಗೊಣಗಿದ.

ಚಿಕ್ಕ ಕತ್ತರಿ ಸಾಲಿನ ಪಕ್ಕದಿಂದ ನುಸುಳಿ ಒಳಗೆ ಇಣುಕಿದ. ನೋಡಿಕೊಂಡು ಹೋಗುವುದಷ್ಟೇ ಅವನ ಲೆಕ್ಕ. ಒಳಗೆ ಎರಡು ಕುರ್ಚಿ ಹಾಕಿತ್ತು.

“ಎರಡು ಯಾಕೆ? ಇನ್ಯಾರಾದ್ರೂ ಬರ್ತಿದ್ರಾ?” ಎಂದು ಬಾಗಿಲ ಬಳಿಯಿದ್ದ ವಾಚ್‌ಮನ್‌ನನ್ನು ಕೇಳಿದ.

“ಇಲ್ಲ ಸಾರ್. ಪ್ರತಿ ವರ್ಷ ಎರಡು ಹಾಕಿಸ್ತಿದ್ರು. ಅದರ ಮೇಲೆ ಯಾರನ್ನೂ ಕೂರಿಸ್ತಿರಲಿಲ್ಲ. ನಿಂತು ನಿಂತು ಕಾಲು ನೋವು, ಅಲ್ಲಿ ಕೂತ್ಕೊಳ್ಳಲಾ ಅಂದ್ರೆ...” ವಾಚ್‌ಮನ್ ಗಂಟಲು ಸರಿಮಾಡಿಕೊಂಡ. ಎದೆ ಮುಂದೆ ತಂದ, ಹುಬ್ಬೇರಿಸಿದ. ಅವನ ಬಾಯಿಂದ ಹೊರಟದ್ದು ದೊಡ್ಡ ಕತ್ತರಿಯ ದನಿಯೇ, ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ: “‘ಅದು ಕೆಲಸ ಮಾಡೋನಿಗೆ ಮೀಸಲು ಸ್ವಾಮಿ. ಬರೋನಿದಾನೆ. ಸ್ವಲ್ಪ ಲೇಟು. ಸಂಬಳ ಕೊಡೋರ ಮುಂದೆ ಬಗ್ಗಿಸ್ತೀರಲ್ಲ ಆ ತಲೆನ, ನನ್ನ ಮುಂದೂ ಒಂಚೂರು ಬಗ್ಗಿಸಿ.’”

ಸಾಲು ನಕ್ಕಿತು.

“ಎಷ್ಟು ವರ್ಷದಿಂದ ಎರಡು?” ಚಿಕ್ಕ ಕತ್ತರಿ ಕೇಳಿದ.

“ನಾನು ಬರೋಕೆ ಶುರು ಮಾಡಿ ಒಂಬತ್ತು. ಮೊದಲನೇ ಸಲವೂ ಎರಡೇ ಇತ್ತು.”

ಚಿಕ್ಕ ಕತ್ತರಿ ಒಳಗೆ ಹೋಗಿ ಪೆಟ್ಟಿಗೆ ತೆರೆದ, ಬಿಳಿ ಬಟ್ಟೆ ಒದರಿದ. “ಬಾಪ್ಪಾ, ನೀನೇ ಮೊದಲು. ಮಿಮಿಕ್ರಿ ಮಾಡ್ಬೇಡ, ಕಿವಿ ಹೋಗತ್ತೆ.”

ಒಬ್ಬರಾದ ಮೇಲೆ ಒಬ್ಬರು ಬಂದು ಕೂತರು. ಕೂದಲು ಬೀಳುತ್ತಿತ್ತು, ಜೊತೆಗೆ ಮಾತು. ಯಾರದೋ ಮಗನಿಗೆ ಕೆಲಸದ ಸಂದರ್ಶನ ಇದ್ದಾಗ ದೊಡ್ಡ ಕತ್ತರಿ ತನ್ನ ಕೋಟನ್ನೇ ಕೊಟ್ಟು ಕಳಿಸಿದ್ದನಂತೆ. ಹಲ್ಲುನೋವಿಗೆ ತಪ್ಪು ಔಷಧಿ ಹೇಳಿ ಒಬ್ಬನ ಮುಖ ಸೋರೆಕಾಯಿ ಮಾಡಿದ್ದನಂತೆ. ಜಂಬಗಾರ, ಬಾಯಿಬಡುಕ, ಸೋಲು ಒಪ್ಪುವ ಜಾತಿಯಲ್ಲ ಅಂತ ಮೂರು ಜನ ಹೇಳಿದರು. ಚಿಕ್ಕ ಕತ್ತರಿ ಮೂರು ಸಲವೂ ಹೂಂ ಅಂದ, ಮೂರನೆಯದು ಸ್ವಲ್ಪ ಜೋರಾಗಿ.

ಹನ್ನೊಂದೂವರೆಗೆ ಪ್ರಕಟಣೆ ಅಕ್ಕ ಕಾಗದ ಪೆನ್ನು ಹಿಡಿದು ಬಂದಳು. “ಹನ್ನೆರಡರ ಪ್ರಕಟಣೆ ತಿದ್ದಬೇಕು. ಕ್ಷೌರ ಮಾಡುವವರು ಅಂತ ಇದೆಯಲ್ಲ, ಅಲ್ಲಿ ನಿಮ್ಮ ಹೆಸರು ಹಾಕ್ತೀನಿ. ಅವತ್ತಿನ ಆ ಮಾತು... ನಾನೇ ಕೆಣಕಿದ್ದು. ನಂಗೆ ಮರೆತಿಲ್ಲ.”

ಅವನು ಒಂದು ಕುತ್ತಿಗೆಯ ಮೇಲಿನ ಕೂದಲನ್ನು ಬ್ರಷ್ಷಿನಿಂದ ಕೊಡವಿದ. ಹನ್ನೊಂದು ವರ್ಷ ಅವನು ಕನಸಿನಲ್ಲಿ ಕೇಳಿದ್ದು ಇದನ್ನೇ. ಅದೇ ರೇಡಿಯೊ, ಅದೇ ದನಿ, ತನ್ನ ಹೆಸರು, ಪುಕ್ಕಟೆ ಅನ್ನುವ ಮಾತಿನ ಪಕ್ಕದಲ್ಲಿ.

“ತಿದ್ದಬೇಡಿ,” ಎಂದ. “ಒಂದು ಗಂಟೆತನಕ ಅವನೇ ಮಾಡ್ತಿದಾನೆ ಅಂತ ಇರ್ಲಿ.”

*

ಒಂದೂಕಾಲಿಗೆ ಕೊನೆಯ ತಲೆ ಎದ್ದಿತು. ಅವನು ಗುಡಿಸುತ್ತಿದ್ದಾಗ ಬಾಗಿಲಲ್ಲಿ ಕಪ್ಪು ಬಟ್ಟೆಯ ಹೆಂಗಸು ನಿಂತಿದ್ದಳು. ದೊಡ್ಡ ಕತ್ತರಿಯ ಹೆಂಡತಿ. ಅಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟೋ ಕಾಲವಾಗಿತ್ತು.

“ಅತ್ತಿಗೆ,” ಎಂದ.

“ಪೊರಕೆ ಇಡು. ಪೆಟ್ಟಿಗೆ ತಗೊಂಡು ಬಾ. ಅವರ ಮುಖ ಬೇರೆ ಯಾರದೋ ಥರ ಕಾಣ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

ಚರ್ಚಿನ ಪಕ್ಕದ ಕೋಣೆಯಲ್ಲಿ ಶವಪೆಟ್ಟಿಗೆ ತೆರೆದಿತ್ತು. ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವವನು ಗಡಿಯಾರ ನೋಡುತ್ತ ನಿಂತಿದ್ದ. ಚಿಕ್ಕ ಕತ್ತರಿ ಬಾಗಿಲಿಂದಲೇ ಹೇಳಿದ:

“ಬೈತಲೆ ಉಲ್ಟಾ ತೆಗೆದಿದೀರಿ.”

“ಇವರು ಕೊಟ್ಟ ಫೋಟೋ ನೋಡಿಯೇ ಬಾಚಿದ್ದು ಸಾರ್. ಬೇಕಾದ್ರೆ ನೋಡಿ.”

ಚಿಕ್ಕ ಕತ್ತರಿ ಫೋಟೋ ನೋಡಿದ. ಅಂಗಡಿಯ ಗೋಡೆ, ಬಾಚಣಿಗೆಯ ಸಾಲು, ಹಿಂದೆ ಎಡಬಲ ಅದಲುಬದಲಾಗಿದ್ದ ಕ್ಯಾಲೆಂಡರಿನ ಅಂಕಿಗಳು. “ಕನ್ನಡಿಯೊಳಗಿನ ಮನುಷ್ಯನ್ನ ತೆಗೆದಿರೋ ಫೋಟೋ ಇದು. ಅವನು ಕುರ್ಚಿ ಬಿಟ್ಟು ಎಲ್ಲಿ ಹೋಗಿ ಫೋಟೋ ತೆಗೆಸ್ಕೊಂಡ ಅಂತ.”

“ಇರೋದೆಲ್ಲ ಅಲ್ಲೇ ತೆಗೆದಿದ್ದು,” ಅತ್ತಿಗೆ ಅಂದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ತುಟಿ ನಗುವ ಕಡೆಗೆ ಹೋಗಿ ಬಂತು.

ಅವನು ನೀರು ಚಿಮುಕಿಸಿ ಬಾಚಣಿಗೆ ಹಿಡಿದ. ನೆತ್ತಿಯ ಸುಳಿ ಬೆರಳಿಗೆ ಸಿಕ್ಕಿತು, ಇದ್ದ ಜಾಗದಲ್ಲೇ ಇತ್ತು. ಸುತ್ತಲಿನ ಕೂದಲು ಮಾತ್ರ ಮೇಕೆ ಮೇಯ್ದ ಬೇಲಿ.

“ಅದು ನನ್ನ ಕೆಲಸ,” ಅತ್ತಿಗೆ ಅಂದಳು. “ತರಕಾರಿ ಹೆಚ್ಚೋ ಕೈ. ಹನ್ನೊಂದು ವರ್ಷ ನಂಗೇ ಕೊಟ್ರು ತಲೆನ.”

“ಗೊತ್ತಾಗ್ತಿತ್ತು ಅತ್ತಿಗೆ. ರಸ್ತೆಯಾಚೆಯಿಂದಲೇ ಗೊತ್ತಾಗ್ತಿತ್ತು.”

“ನಿಂದೇನು ಕಡಿಮೆನಾ? ನೀನೇ ಮಾಡ್ಕೊಳ್ತಿದ್ಯಂತೆ. ‘ಹಿಂದುಗಡೆ ನೋಡೇ, ಮೆಟ್ಟಿಲು ಕಟ್ಟಿಸಿದಾನೆ’ ಅಂತಿದ್ರು.” ಅವಳು ಕರವಸ್ತ್ರ ಮಡಿಸಿದಳು, ಬಿಡಿಸಿದಳು. “ಅವತ್ತು ನೀನು ಪೆಟ್ಟಿಗೆ ಹಿಡ್ಕೊಂಡು ಮೆಟ್ಟಿಲಿಳಿದು ಹೋಗಿದ್ದನ್ನ ನಾನು ನೋಡ್ದೆ. ಮನೆಗೆ ಹೋಗಿ ಅವರಿಗೆ ಹೇಳ್ದೆ.”

ಕತ್ತರಿ ನಿಂತಿತು. “ಏನಂದ?”

“ಏನೂ ಅನ್ಲಿಲ್ಲ. ಮೂರು ದಿನ ಉಪ್ಪು ಕಡಿಮೆ ಅಂತ ತಕರಾರು ತೆಗೀದೆ ಊಟ ಮಾಡಿದ್ರು. ಅವರಿಗೆ ಬರ್ತಿದ್ದಿದ್ದು ಅಷ್ಟೇ ಕಣಪ್ಪಾ.”

“ಹನ್ನೆರಡು ಹೆಜ್ಜೆ ಅತ್ತಿಗೆ, ರಸ್ತೆ.”

“ನಿನ್ನ ಕಡೆಯಿಂದ ಎಷ್ಟಿತ್ತು?”

ಅವನು ತಲೆಯನ್ನು ಅಂಗೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದು ಕುತ್ತಿಗೆಯ ಮೇಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸಿದ. ಕಿವಿ ಮುಂದಿನ ಕೃದಾ ಸಮ ಮಾಡಿದ. ಬೈತಲೆಯನ್ನು ಬಲಕ್ಕೆ ತಂದ. ಮುಖ ಯಾರದೋ ಆಗಿದ್ದದ್ದು ದೊಡ್ಡ ಕತ್ತರಿಯದಾಯಿತು, ಈಗ ಏನೋ ಒಂದು ಮಾತು ಹಾರಿಸುವವನ ಹಾಗೆ. ಹೊರಗೆ ಮೂವತ್ತು ಹೊಸ ತಲೆಗಳು ಸಾಲಾಗಿ ಚರ್ಚಿನೊಳಗೆ ಹೋಗುವ ಸದ್ದು ಕೇಳುತ್ತಿತ್ತು.

ಕೆಲಸ ಮುಗಿದಿತ್ತು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಪೆಟ್ಟಿಗೆಯಿಂದ ಪುಟ್ಟ ಕನ್ನಡಿ ಎತ್ತಿಕೊಂಡು ಮಲಗಿದ್ದವನ ಮುಖದ ಮುಂದೆ ಹಿಡಿಯಿತು. ವ್ಯವಸ್ಥೆಯವನು ಗಾಬರಿಯಾದ. “ಏನ್ ಸಾರ್, ಉಸಿರು ನೋಡ್ತಿದೀರಾ? ಡಾಕ್ಟರ್ ಬರೆದುಕೊಟ್ಟಿದಾರೆ.”

ಚಿಕ್ಕ ಕತ್ತರಿಗೆ ಕೇಳಿಸಲಿಲ್ಲ. ಕನ್ನಡಿಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿಸಿ, ಗಿರಾಕಿಯ ಒಪ್ಪಿಗೆಗೆ ಕಾಯುವವನಂತೆ ಕಾದ. ಕೆಳಗಿಡಲು ಅವನಿಗೆ ಆಗಲಿಲ್ಲ.

ಅತ್ತಿಗೆ ಪಕ್ಕಕ್ಕೆ ಬಂದು ಬಗ್ಗಿದಳು. ಕನ್ನಡಿಯೊಳಗೆ ನೋಡಿದಳು.

“ಎಡಗಿವಿ ಹತ್ರ ಇನ್ನೊಂಚೂರು,” ಎಂದಳು. “ಒಂದೇ ಸಲಕ್ಕೆ ಸರಿ ಅಂದಿದ್ದುಂಟಾ ಅವರು?”

ಎಡಗಿವಿಯ ಹತ್ತಿರ ತೆಗೆಯುವುದಕ್ಕೆ ಒಂದು ಕೂದಲೂ ಉಳಿದಿರಲಿಲ್ಲ. ಚಿಕ್ಕ ಕತ್ತರಿ ಕನ್ನಡಿಯನ್ನು ಅವಳ ಕೈಗೆ ಕೊಟ್ಟ. ಕತ್ತರಿ ಎತ್ತಿ, ತಕರಾರಿನ ಗಿರಾಕಿಗಳಿಗೆ ಕೇಳಿಸಲೆಂದು ಮಾಡುವ ಹಾಗೆ, ಕಿವಿಯ ಪಕ್ಕದ ಬರಿಗಾಳಿಯನ್ನು ಕಚಕ್ ಕಚಕ್ ಎಂದು ಕತ್ತರಿಸತೊಡಗಿದ.